ಲಾಲ್‌ಬಾಗಿನ ಬಂಡೆಯೂ ಆರು ದಿನಗಳ ಸೃಷ್ಟಿಯೂ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆಯ ಎಷ್ಟೋ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋಗುವುದುಂಟು. ದೊಡ್ಡವರು ಗಾಜಿನ ಮನೆಯ ಸುತ್ತ ಅಡ್ಡಾಡಿದರೆ, ಮಕ್ಕಳು ಓಡುವುದು ಕೆಂಪೇಗೌಡರ ಗೋಪುರ ನಿಂತಿರುವ ದೊಡ್ಡ ಬಂಡೆಯ ಮೇಲಕ್ಕೆ. ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಅಲ್ಲಿನ ಫಲಕ ತಿಳಿಸುತ್ತದೆ.

ಈಗಷ್ಟೇ ಸರಾಗವಾಗಿ ಓದಲು ಕಲಿತ ನಿಮ್ಮ ಮಗು ಆ ಫಲಕವನ್ನು ಓದಿ ನಿಮ್ಮತ್ತ ತಿರುಗಿ ಕೇಳುತ್ತದೆ ಎಂದುಕೊಳ್ಳಿ: "ಅಪ್ಪಾ, ದೇವರು ಆರೇ ದಿನದಲ್ಲಿ ಎಲ್ಲಾ ಸೃಷ್ಟಿ ಮಾಡಿದರು ಅಂತ ಧರ್ಮೋಪದೇಶದಲ್ಲಿ ಹೇಳಿಕೊಟ್ಟರು. ಇಲ್ಲಿ ಮುನ್ನೂರು ಕೋಟಿ ವರ್ಷ ಅಂತ ಇದೆ. ಯಾವುದು ನಿಜ?"

ನೀವು ಏನು ಹೇಳುವಿರಿ?

"ದೇವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು" ಎಂದು ನಮ್ಮಲ್ಲಿ ಅನೇಕರು ಮಗುವಿನ ಬಾಯಿ ಮುಚ್ಚಿಸುತ್ತೇವೆ. ಮಗು ಸುಮ್ಮನಾಗುತ್ತದೆ. ಆದರೆ ಪ್ರಶ್ನೆ ಸುಮ್ಮನಾಗುವುದಿಲ್ಲ. ದೇವಾಲಯದಲ್ಲಿ ಹೇಳುವುದು ಒಂದು, ಶಾಲೆಯಲ್ಲಿ ಕಲಿಯುವ ಸತ್ಯ ಇನ್ನೊಂದು ಎಂದು ಅದು ಮನಸ್ಸಿನಲ್ಲೇ ಗೆರೆ ಎಳೆದುಕೊಳ್ಳುತ್ತದೆ. ಹತ್ತು ವರ್ಷ ಕಳೆದು, ಕಾಲೇಜಿಗೆ ಹೋಗುವ ಅದೇ ಮಗ ಪೂಜೆಗೆ ಬರಲು ಒಲ್ಲೆ ಎಂದಾಗ ನಾವು ಕಾಲೇಜನ್ನೂ ಸ್ನೇಹಿತರನ್ನೂ ದೂರುತ್ತೇವೆ. ಬಿರುಕು ಬಿಟ್ಟದ್ದು ಕಾಲೇಜಿನಲ್ಲಿ ಅಲ್ಲ, ಅಂದು ಆ ಬಂಡೆಯ ಮೇಲೆ ಎಂಬುದು ನಮಗೆ ನೆನಪಾಗುವುದಿಲ್ಲ.

ಆದ್ದರಿಂದ ಈ ವಾರ ಆ ಪ್ರಶ್ನೆಗೆ ಉತ್ತರ ಹುಡುಕೋಣ.

ಮೊದಲನೆಯದಾಗಿ, ಫಲಕ ಸುಳ್ಳು ಹೇಳುತ್ತಿಲ್ಲ. ಇಂಥ ಹಳೆಯ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಮೂಡುವಾಗ ಅದರೊಳಗೆ ಸ್ವಲ್ಪ ಯುರೇನಿಯಂ ಸೇರಿಕೊಳ್ಳುತ್ತದೆ. ಅದು ಬಹಳ ನಿಧಾನವಾಗಿ, ಆದರೆ ಲೆಕ್ಕ ತಪ್ಪದೆ, ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂನ ಮುಖ್ಯ ಬಗೆಯಲ್ಲಿ ಅರ್ಧಭಾಗ ಹೀಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷ ಹಿಡಿಯುತ್ತದೆ. ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಪೀಠದ ಮೇಲಿನ ಮೇಣದ ಬತ್ತಿ ಎಷ್ಟು ಉಳಿದಿದೆ ಎಂದು ನೋಡಿ ಎಷ್ಟು ಹೊತ್ತು ಉರಿದಿದೆ ಎಂದು ಹೇಳುವುದಿಲ್ಲವೇ? ಹಾಗೆ.

ಎರಡನೆಯದಾಗಿ, ಪವಿತ್ರ ಬೈಬಲ್ ಕೂಡ ಸುಳ್ಳು ಹೇಳುತ್ತಿಲ್ಲ. ಆದಿಕಾಂಡದ ಮೊದಲ ಅಧ್ಯಾಯವನ್ನು ಇಂದು ರಾತ್ರಿಯೇ ತೆರೆದು ನೋಡಿ. ಬೆಳಕು ಬಂದದ್ದು ಮೊದಲ ದಿನ, ಸೂರ್ಯ ಬಂದದ್ದು ನಾಲ್ಕನೆಯ ದಿನ. ಸೂರ್ಯನೇ ಇಲ್ಲದ ಮೊದಲ ಮೂರು ದಿನಗಳು ಎಂಥವು? ಈ ಪ್ರಶ್ನೆಯನ್ನು ಎತ್ತಿದವರು ಇಂದಿನ ನಾಸ್ತಿಕರಲ್ಲ. 1,600 ವರ್ಷಗಳ ಹಿಂದೆ ಬದುಕಿದ್ದ ಸಂತ ಅಗಸ್ಟೀನರು. ಅವು ನಮ್ಮ ಇಪ್ಪತ್ತನಾಲ್ಕು ಗಂಟೆಗಳ ದಿನಗಳಲ್ಲ ಎಂದೇ ಅವರು ತಿಳಿದಿದ್ದರು. ಭೂಮಿ, ಆಕಾಶಗಳ ವಿಷಯ ಚೆನ್ನಾಗಿ ಬಲ್ಲವರ ಮುಂದೆ ಕ್ರೈಸ್ತನೊಬ್ಬ ಬೈಬಲಿನ ಹೆಸರಿನಲ್ಲಿ ಅರಿಯದ ಮಾತಾಡಿದರೆ ನಗೆಪಾಟಲಾಗುವುದು ಧರ್ಮಗ್ರಂಥವೇ ಎಂದು ಅವರು ಅಂದೇ ಎಚ್ಚರಿಸಿದ್ದರು.

ಈ ಎಚ್ಚರಿಕೆಯನ್ನು ನಾವು ಎಂದೂ ಮರೆತಿಲ್ಲವೆಂದು ಹೇಳುವಂತಿಲ್ಲ. 1633ರಲ್ಲಿ ಗೆಲಿಲಿಯೋವಿಗೆ ಶಿಕ್ಷೆ ವಿಧಿಸಿದಾಗ ಧರ್ಮಸಭೆಯ ನ್ಯಾಯಾಧೀಶರೇ ಮರೆತರು. 1992ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್‌ರವರು ಆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಜೀವವಿಕಾಸದ ಸಿದ್ಧಾಂತವು ಬರಿಯ ಊಹೆಯಲ್ಲ, ಅದಕ್ಕಿಂತ ಹೆಚ್ಚಿನದು ಎಂದು 1996ರಲ್ಲಿ ಹೇಳಿದವರೂ ಅವರೇ. ಆದರೆ ಮಾನವನ ಆತ್ಮ ನೇರವಾಗಿ ದೇವರ ವರ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ.

ವಿಶ್ವವೆಲ್ಲ ಆದಿಯಲ್ಲಿ ಒಂದು ಬಿಂದುವಿನಂತಿದ್ದು ಅಲ್ಲಿಂದ ಹಿಗ್ಗುತ್ತಾ ಬಂತು ಎಂಬ ವಿಚಾರ ನಿಮ್ಮ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿದೆ. ಅದಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು ಕಥೋಲಿಕ ಗುರುಗಳೆಂಬುದು ನಿಮಗೆ ಗೊತ್ತೇ? ಬೆಲ್ಜಿಯಂ ದೇಶದ ಫಾದರ್ ಜಾರ್ಜ್ ಲಮೇತ್ರ್ 1923ರಲ್ಲಿ ಗುರುದೀಕ್ಷೆ ಪಡೆದರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಸಮೇತ ತೋರಿಸಿದರು. 1951ರಲ್ಲಿ ಜಗದ್ಗುರು ಹನ್ನೆರಡನೇ ಪಿಯೂಸ್‌ರವರು ಈ ಬಗೆಯ ಸಂಶೋಧನೆಗಳಲ್ಲಿ ಸೃಷ್ಟಿಗೆ ಸಾಕ್ಷ್ಯ ಕಂಡು ಹರ್ಷಪಟ್ಟಾಗ, ಫಾದರ್ ಲಮೇತ್ರ್‌ಗೆ ಅದು ಹಿಡಿಸಲಿಲ್ಲ. ಅವರ ಲೆಕ್ಕ ಲೆಕ್ಕವಾಗಿಯೇ ನಿಲ್ಲಬೇಕಿತ್ತು. ನಾಳೆ ಲೆಕ್ಕ ಬದಲಾದರೆ ದೇವರು ಬದಲಾಗುತ್ತಾರೆಯೇ?

ದೂರದ ಬೆಲ್ಜಿಯಂ ಏಕೆ? ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಯೇಸುಸಭೆಯ ಫಾದರ್ ಸೆಸಿಲ್ ಸಲ್ಡಾನ್ಹಾ ಸಸ್ಯವಿಜ್ಞಾನಿಯಾಗಿದ್ದರು. ಹಾಸನ ಜಿಲ್ಲೆಯ ಗಿಡಮರಗಳನ್ನು ಕುರಿತ ಅವರ ದೊಡ್ಡ ಗ್ರಂಥ 1976ರಲ್ಲಿ ಬಂತು; ಆಮೇಲೆ ಇಡೀ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳು ಬಂದವು. 2002ರಲ್ಲಿ ಅವರು ದೈವಾಧೀನರಾದರು. ಕೈಯಲ್ಲಿ ಬಲಿಪೂಜೆಯ ಪಾತ್ರೆ ಹಿಡಿದವರೇ ಹುಲ್ಲಿನ ಎಸಳನ್ನೂ ಹಿಡಿದು ಅದಕ್ಕೆ ಸರಿಯಾದ ಹೆಸರು ಹುಡುಕಿದರು. ಎರಡೂ ಒಬ್ಬನೇ ಕರ್ತೃವಿನದು ಎಂದು ನಂಬಿದವರಿಗೆ ಅದರಲ್ಲಿ ವಿರೋಧವೇನಿದೆ?

ಹಾಗಾದರೆ ಆದಿಕಾಂಡ ಹೇಳುವುದೇನು? ಬಂಡೆ ಹೇಗೆ, ಯಾವಾಗ ಆಯಿತು ಎಂಬುದನ್ನಲ್ಲ. ಬಂಡೆ, ಸೂರ್ಯ, ಪಶುಪಕ್ಷಿ, ಮನುಷ್ಯ ಯಾವುದೂ ತಾನಾಗಿ ಇಲ್ಲ, ಎಲ್ಲವೂ ದೇವರ ಇಚ್ಛೆಯಿಂದ ಇದೆ, ಅವರ ಕಣ್ಣಿಗೆ ಎಲ್ಲವೂ ಒಳ್ಳೆಯದಾಗಿದೆ ಎಂಬುದನ್ನು. ಸೃಷ್ಟಿ ಎಂದರೆ ಎಂದೋ ಮಾಡಿ ಮುಗಿಸಿದ ಕೆಲಸವಲ್ಲ. ಬಡಗಿ ಕುರ್ಚಿ ಮಾಡಿಟ್ಟು ಊರಿಗೆ ಹೋದರೂ ಕುರ್ಚಿ ಇರುತ್ತದೆ. ಆದರೆ ಕಿಟಕಿಯಿಂದ ಬಂದ ಬಿಸಿಲು ಸೂರ್ಯ ಇರುವವರೆಗೆ ಮಾತ್ರ. ಸಂತ ತೋಮಸ್ ಅಕ್ವಿನಾಸರು ಸೃಷ್ಟಿಯನ್ನು ಹೋಲಿಸಿದ್ದು ಈ ಬೆಳಕಿಗೆ. ಆ ಬಂಡೆಯನ್ನೂ ಅದರ ಮೇಲೆ ನಿಂತ ನಿಮ್ಮ ಮಗುವನ್ನೂ ದೇವರು ಈ ಗಳಿಗೆಯಲ್ಲೂ ಇರುವಂತೆ ಮಾಡುತ್ತಿದ್ದಾರೆ.

ಮಕ್ಕಳು ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಇದೆ. ಮುನ್ನೂರು ಕೋಟಿ ವರ್ಷಗಳ ಮುಂದೆ ನಮ್ಮ ಎಪ್ಪತ್ತು ಎಂಬತ್ತು ವರ್ಷ ಯಾವ ಲೆಕ್ಕ? ನಾವು ಯಾರಿಗೆ ಬೇಕು? ದೊಡ್ಡವರಿಗೂ ರಾತ್ರಿಯ ಹೊತ್ತು, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಈ ಪ್ರಶ್ನೆ ಬರುತ್ತದೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ದೇವರು ಯೋಬನನ್ನು ಕೇಳಿದರು. ಅದು ಯೋಬನನ್ನು ತುಳಿಯಲು ಕೇಳಿದ್ದಲ್ಲ. ನೊಂದ ಒಬ್ಬ ಮನುಷ್ಯನೊಡನೆ ಮಾತಾಡಲೆಂದೇ ಅಸ್ತಿವಾರ ಹಾಕಿದವನು ಅಲ್ಲಿಗೆ ಬಂದಿದ್ದನು. ಬಂಡೆ ತಣ್ಣಗಾಗಲು, ಮಣ್ಣಾಗಲು, ಹುಲ್ಲು ಮೊಳೆಯಲು ಅಷ್ಟು ಕೋಟಿ ವರ್ಷ ಬಿಟ್ಟುಕೊಟ್ಟ ದೇವರು ನಿಮ್ಮ ಮಗುವನ್ನು ಹೆಸರಿಡಿದು ಬಲ್ಲರು. ಅಷ್ಟು ತಾಳ್ಮೆಯುಳ್ಳ ತಂದೆಗೆ ನಮ್ಮ ಒಂದು ಪ್ರಶ್ನೆ ಭಾರವಾದೀತೇ?

ಪ್ರಿಯ ತಂದೆತಾಯಿಗಳೇ, ಮುಂದಿನ ಭಾನುವಾರ ಮಕ್ಕಳೊಂದಿಗೆ ಆ ಬಂಡೆ ಹತ್ತಿ. ಫಲಕವನ್ನು ನೀವೇ ಓದಿ ಹೇಳಿ. ಪ್ರಶ್ನೆ ಬಂದರೆ ಗದರಬೇಡಿ. ಉತ್ತರ ತಿಳಿಯದಿದ್ದರೆ, "ನನಗೂ ಪೂರ್ತಿ ಗೊತ್ತಿಲ್ಲ ಕಂದಾ, ಇಬ್ಬರೂ ಸೇರಿ ತಿಳಿದುಕೊಳ್ಳೋಣ" ಎನ್ನಿ. ತಿಳಿಯದೆಂದು ಒಪ್ಪಿಕೊಂಡ ತಂದೆಯ ಮಾತನ್ನು ಮಗು ನಂಬುತ್ತದೆ. ಅವನು ದೇವರ ಬಗ್ಗೆ ಹೇಳಿದಾಗಲೂ ನಂಬುತ್ತದೆ. ಆಮೇಲೆ ಬಂಡೆಯ ಮೇಲೆ ಒಂದು ನಿಮಿಷ ಸುಮ್ಮನೆ ಕುಳಿತು ಶಿಲುಬೆಯ ಗುರುತು ಹಾಕಿಕೊಂಡು ದೇವರಿಗೆ ಕೃತಜ್ಞತೆ ಸಲ್ಲಿಸಿ.

ಪರಲೋಕ ಭೂಲೋಕಗಳನ್ನು ಸೃಷ್ಟಿಸಿದ ಸರ್ವಶಕ್ತ ಪಿತನು ನಿಮ್ಮ ಕುಟುಂಬವನ್ನು ಹರಸಲಿ.