ನಾಣ್ಯವೂ ನಾಣಯವೂ

ಕೊಯಮತ್ತೂರಿನಿಂದ ಮೇಟ್ಟುಪಾಳಯದತ್ತ ಸಾಗುವ ದಾರಿಯಲ್ಲಿ, ನೀಲಗಿರಿಯ ತಪ್ಪಲಿಗೆ ಸಮೀಪದಲ್ಲಿರುವ ಕಾರಮಡೈ, ಹಲವು ಭಾಷೆಗಳು ಕೂಡಿ ಬಾಳುವ ಸೀಮೆಗೆ ಸೇರಿದ ಊರು. ಈ ಸೀಮೆಯ ದೇವಾಂಗ ಮತ್ತು ಒಕ್ಕಲಿಗ ಮನೆತನಗಳಲ್ಲಿ ಅಂಗಡಿಯ ಮಾತು ತಮಿಳಾದರೆ ಅಡುಗೆಮನೆಯ ಮಾತು ಕನ್ನಡ. ಕೊಯಮತ್ತೂರಿನ ಪೇಟೆಬೀದಿಗಳಿಗೆ ಹೋದರೆ ಗುಜರಾತಿ, ಮಾರವಾಡಿ ನುಡಿಗಳೂ ಕಿವಿಗೆ ಬೀಳುತ್ತವೆ. ಹೀಗೆ ಬೆರೆತ ಬಾಳಿನಲ್ಲಿ ಒಂದು ಶಬ್ದ ಗಮನ ಸೆಳೆಯುತ್ತದೆ. ಕನ್ನಡಿಗನು ‘ನಾಣ್ಯ’ ಎಂದಾಗ ಟಂಕಿಸಿದ ಲೋಹದ ಬಿಲ್ಲೆಯನ್ನು ನೆನೆಯುತ್ತಾನೆ. ತಮಿಳನು ‘ನಾಣಯಂ’ ಎಂದಾಗ ಆ ಬಿಲ್ಲೆಯೂ ಹೌದು, ಆಡಿದ ಮಾತಿಗೆ ತಪ್ಪದ ಗುಣವೂ ಹೌದು. ಪ್ರಾಮಾಣಿಕ ವರ್ತಕನನ್ನು ‘ನಾಣಯಮಾನವರ್’ ಎಂದು ಹೊಗಳುವುದು ಅಲ್ಲಿಯ ರೂಢಿ. ಒಂದೇ ಶಬ್ದದಲ್ಲಿ ಜೊತೆಗೂಡಿರುವ ಈ ಎರಡು ಅರ್ಥಗಳು ಅಂತರಜಾಲದ ಹರಾಜಿನಲ್ಲಿ ಒಂದರಿಂದ ಒಂದು ಬೇರ್ಪಡುತ್ತವೆ. ಅಲ್ಲಿ ನಾಣ್ಯದ ಚಿತ್ರ ಕಾಣುತ್ತದೆ; ನಾಣಯ ಕಾಣುವುದಿಲ್ಲ.

ಹಳೆಯ ನಾಣ್ಯಗಳ ಮೋಹ ಈ ನೆಲಕ್ಕೆ ಸಹಜವಾದುದು. ನೊಯ್ಯಲ್ ನದಿಯ ಬದಿಯ ವೆಳ್ಳಲೂರಿನಲ್ಲಿ 1842ರಲ್ಲಿ 500ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅವುಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ‘ದಿನಾರಿಯಸ್’ಗಳು. ಅದೇ ಊರಿನಲ್ಲಿ ಮುಂದೆಯೂ ಇಂಥ ನಿಧಿಗಳು ಸಿಕ್ಕವು. ಪಾಲಘಾಟಿನ ಕಣಿವೆಯ ಮೂಲಕ ಪಶ್ಚಿಮ ಕರಾವಳಿಯನ್ನು ಕೊಂಗುನಾಡಿಗೆ ಜೋಡಿಸಿದ್ದ ವ್ಯಾಪಾರಮಾರ್ಗದ ಕುರುಹುಗಳಿವು. ಇತ್ತ ಸತ್ಯಮಂಗಲದಲ್ಲಿ ಟಿಪ್ಪು ಸುಲ್ತಾನನು ‘ಸಲಾಮಾಬಾದ್’ ಎಂಬ ಹೆಸರಿನಲ್ಲಿ ಆನೆಯ ಚಿತ್ರದ ತಾಮ್ರದ ಕಾಸುಗಳನ್ನು ಟಂಕಿಸಿದನು. ಇಂಥ ಸೀಮೆಯ ಬಾಲಕನೊಬ್ಬನು ಅಂಚೆಚೀಟಿಯನ್ನು ಬಿಟ್ಟು ನಾಣ್ಯದ ಬೆನ್ನು ಹತ್ತಿದರೆ ಆಶ್ಚರ್ಯವೇನಿಲ್ಲ.

ಸಂಶಯವೂ ಈ ನೆಲದಲ್ಲಿ ನಾಣ್ಯದಷ್ಟೇ ಹಳೆಯದು. ಪುದುಕ್ಕೋಟೈ ಸೀಮೆಯಲ್ಲಿ 1898ರಲ್ಲಿ ದೊರೆತ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ, ಚಕ್ರವರ್ತಿಯ ಮುಖಕ್ಕೇ ಅಡ್ಡಲಾಗಿ, ಉಳಿಯ ಗೀರು ಇದೆ. ಚಲಾವಣೆಯಿಂದ ತೆಗೆಯಲು ಹಾಗೆ ಮಾಡಿದರೆಂದು ಕೆಲವು ವಿದ್ವಾಂಸರೂ, ಒಳಗಿನ ಲೋಹವನ್ನು ಪರೀಕ್ಷಿಸಲೆಂದು ಇನ್ನು ಕೆಲವರೂ ಹೇಳುತ್ತಾರೆ. ರೋಮನ್ ನಾಣ್ಯಗಳ ಅನುಕರಣೆಗಳು ಆ ಕಾಲದ ಭಾರತದಲ್ಲಿಯೇ ತಯಾರಾಗುತ್ತಿದ್ದುವು ಎಂಬುದಂತೂ ನಿಶ್ಚಿತ.

ಇಂದು ಸಂಗ್ರಾಹಕನ ಕೈಗೆ ನಾಣ್ಯ ಬರುವ ದಾರಿ ಬೇರೆ. ಪರದೆಯ ಮೇಲೆ ಎರಡು ಚಿತ್ರ, ಎರಡು ಸಾಲಿನ ವಿವರ, ಹರಾಜು ಮುಗಿಯಲು ಉಳಿದಿರುವ ನಿಮಿಷಗಳು, ಇಷ್ಟೇ. ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುವಂತಿಲ್ಲ, ಅಂಗೈಯಲ್ಲಿಟ್ಟು ತೂಕ ನೋಡುವಂತಿಲ್ಲ. ಆದ್ದರಿಂದ ಕೊಳ್ಳುವವನು ನಾಣ್ಯವನ್ನು ಬಿಟ್ಟು ಮಾರುವವನನ್ನು ಪರೀಕ್ಷಿಸತೊಡಗುತ್ತಾನೆ. ಮಾರುವವನನ್ನೂ ಕಾಣಲಾಗದ ಕಾರಣ, ಹಿಂದೆ ಕೊಂಡವರು ಅವನ ಬಗ್ಗೆ ಬರೆದ ಪ್ರಶಂಸೆಗಳನ್ನು ಎಣಿಸುತ್ತಾನೆ. ಈ ಪ್ರಶಂಸೆಗಳು ನಿಜಕ್ಕೂ ಯಾವುದಕ್ಕೆ ಸಾಕ್ಷಿ ನುಡಿಯುತ್ತವೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕಾರಮಡೈಯ ಒಬ್ಬ ಯುವ ಸಂಗ್ರಾಹಕನನ್ನು ಕಲ್ಪಿಸಿಕೊಳ್ಳಬಹುದು. ಟೈಬೀರಿಯಸನ ಬೆಳ್ಳಿಯ ದಿನಾರಿಯಸ್ ಒಂದು ಹರಾಜಿಗೆ ಬಂದಿದೆ. ‘ಕೊಂಗುನಾಡಿನ ಹೊಲದಲ್ಲಿ ಇತ್ತೀಚೆಗೆ ಸಿಕ್ಕಿದ್ದು’ ಎಂಬ ವಿವರಣೆ. ಮಾರುಕಟ್ಟೆಯ ಕಾಲುಭಾಗದ ಬೆಲೆ. ಮಾರುವವನ ಹೆಸರಿನ ಮುಂದೆ ನಾಲ್ಕು ನೂರು ಪ್ರಶಂಸೆಗಳು, ಒಂದೂ ಆಕ್ಷೇಪಣೆಯಿಲ್ಲ. ಯುವಕನು ಗೆಲ್ಲುತ್ತಾನೆ. ಮೂರನೆಯ ದಿನ ಹತ್ತಿಯಲ್ಲಿ ಸುತ್ತಿದ ನಾಣ್ಯ ಅಂಚೆಯಲ್ಲಿ ಬರುತ್ತದೆ. ಅಂದೇ ಸಂಜೆ ಅವನು ‘ಅಪ್ಪಟ ನಾಣ್ಯ, ನಂಬಿಕಸ್ಥ ವರ್ತಕರು’ ಎಂದು ಬರೆಯುತ್ತಾನೆ. ಅದು ನಾಲ್ಕು ನೂರ ಒಂದನೆಯ ಪ್ರಶಂಸೆ. ಆರು ತಿಂಗಳ ಅನಂತರ ಕೊಯಮತ್ತೂರಿನ ಹಿರಿಯ ಸಂಗ್ರಾಹಕರೊಬ್ಬರು ಭೂತಗನ್ನಡಿಯಲ್ಲಿ ಅದರ ಅಂಚನ್ನು ನೋಡಿ, ಅಚ್ಚಿನ ಎರಡು ಭಾಗಗಳು ಕೂಡಿದ ಸಣ್ಣ ಗೆರೆಯನ್ನು ಅರದಿಂದ ಉಜ್ಜಿ ಅಳಿಸಿರುವುದನ್ನೂ, ಮೇಲ್ಮೈಯಲ್ಲಿ ಎರಕದ ಗುಳ್ಳೆಗಳು ಬಿಟ್ಟ ಚುಕ್ಕೆಗಳನ್ನೂ ತೋರಿಸುತ್ತಾರೆ. ರೋಮನ್ನರ ನಾಣ್ಯ ಸುತ್ತಿಗೆಯ ಪೆಟ್ಟಿನಿಂದ ಮೂಡಿದ್ದು; ಇದು ಎರಕ ಹೊಯ್ದದ್ದು.

ಆ ಸಂಜೆ ಯುವಕನಿಗೆ ತಿಳಿದಿದ್ದುದು ಎರಡೇ ಸಂಗತಿ: ವಸ್ತು ಬೇಗ ಬಂತು, ಚೆನ್ನಾಗಿ ಕಟ್ಟಿತ್ತು. ಅವನು ಬರೆದದ್ದು ಮೂರನೆಯ ಸಂಗತಿಯನ್ನು. ಉಳಿದ ನಾಲ್ಕು ನೂರು ಮಂದಿಯೂ ಪ್ರಾಯಶಃ ಹಾಗೆಯೇ ಬರೆದವರು. ಅವರಲ್ಲಿ ಯಾರೂ ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಆದರೂ ಅವರೆಲ್ಲರ ಅರಿಯದ ಮಾತುಗಳು ಕೂಡಿ ಒಂದು ಮಹಾಸಾಕ್ಷ್ಯವಾಗಿ ಮುಂದಿನವನನ್ನು ಮೋಸದ ಬಾಗಿಲಿಗೆ ಕರೆತಂದವು. ಅಮೆರಿಕದ ವಿದ್ವಾಂಸರಾದ ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್ ಅವರು ಇ-ಬೇ ತಾಣದ 1999ರ ವ್ಯವಹಾರಗಳನ್ನು ಪರಿಶೀಲಿಸಿದಾಗ, ಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಅಭಿಪ್ರಾಯ ಬರೆದಿದ್ದರು, ಬರೆದುದರಲ್ಲಿ ಶೇಕಡಾ 99 ಪ್ರಶಂಸೆಯೇ ಆಗಿತ್ತು. ಜಗತ್ತಿನ ವರ್ತಕರು ಶೇಕಡಾ 99 ಸಜ್ಜನರೆಂದು ಇದರಿಂದ ತಿಳಿದರೆ ಅದು ಭೋಳೆತನ. ಆಕ್ಷೇಪಿಸಿದ ಕೊಳ್ಳುವವನ ಮೇಲೆ ಮಾರುವವನೂ ಪ್ರತಿಯಾಗಿ ದೂಷಣೆ ಬರೆಯುವ ಅವಕಾಶ ಆ ತಾಣದಲ್ಲಿ 2008ರವರೆಗೆ ಇತ್ತು. ಆ ಭಯದಿಂದ ಬಾಯಿ ಮುಚ್ಚಿದವರು ಎಷ್ಟೋ. ಭಯವು ಅಸತ್ಯಕ್ಕೆ ಕಾರಣಗಳಲ್ಲಿ ಒಂದು ಎಂಬುದು ಶ್ರಾವಕರಿಗೆ ಹೊಸ ಸಂಗತಿಯಲ್ಲ. ಈಗಿನ ವಾಟ್ಸ್ಆ್ಯಪ್ ಗುಂಪುಗಳ ಹರಾಜಿನಲ್ಲಿ ಎಣಿಸಲು ಈ ಪ್ರಶಂಸೆಗಳೂ ಇಲ್ಲ; ಅಲ್ಲಿ ಗುಂಪಿನ ಹಿರಿಯನ ಒಂದು ಮಾತೇ ಪ್ರಮಾಣ.

ಇನ್ನು ಆ ವಿವರಣೆಯ ಮಾತು. ‘ಹೊಲದಲ್ಲಿ ಸಿಕ್ಕಿದ್ದು’ ಎಂಬ ನಾಲ್ಕು ಅಕ್ಷರದ ಕಥೆಯೇ ಯುವಕನ ಮನಸ್ಸನ್ನು ಸೆಳೆದದ್ದು; ತನ್ನ ನೆಲದ ನಾಣ್ಯವೆಂಬ ಅಭಿಮಾನ ಅವನ ಎಚ್ಚರವನ್ನು ಮಲಗಿಸಿತು. ಆದರೆ ಆ ಕಥೆಯನ್ನು ತೂಗಿ ನೋಡಿದರೆ ಎರಡೇ ಸಾಧ್ಯತೆಗಳು. ಅದು ಸುಳ್ಳಾದರೆ ಮಾರುವವನು ಅಸತ್ಯವಾದಿ. ಅದು ನಿಜವಾದರೆ, 1878ರ ಭಾರತೀಯ ನಿಧಿ ಕಾಯಿದೆಯಂತೆ, ನೆಲದಲ್ಲಿ ದೊರೆತ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಳಿಸದೆ ಹರಾಜಿಗಿಟ್ಟವನು ಕಾನೂನನ್ನು ಮೀರಿದವನು. ನೂರು ವರ್ಷ ದಾಟಿದ ನಾಣ್ಯವು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೂ ಬರುತ್ತದೆ. ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ನಂಬಿಕೆಯನ್ನು ಹುಟ್ಟಿಸಲೆಂದು ಬರೆದ ಮಾತೇ ಹೀಗೆ ಎರಡು ಕಡೆಯಿಂದಲೂ ಮಾರುವವನ ವಿರುದ್ಧ ಸಾಕ್ಷಿಯಾಗುತ್ತದೆ. ಅದನ್ನು ಓದಿಯೂ ಕೈ ಎತ್ತಿದ ಕೊಳ್ಳುವವನು ಎಲ್ಲಿ ನಿಂತಂತಾಯಿತು?

ಉಮಾಸ್ವಾಮಿ ಎಂದೂ ಉಮಾಸ್ವಾತಿ ಎಂದೂ ಕರೆಯಲ್ಪಡುವ ಆಚಾರ್ಯರ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಇವುಗಳಲ್ಲಿ ಮೂರು ಈ ಹರಾಜಿಗೆಂದೇ ಹೇಳಿದಂತಿವೆ. ‘ತದಾಹೃತಾದಾನ’ವೆಂದರೆ ಕದ್ದು ತಂದುದನ್ನು ಕೊಳ್ಳುವುದು, ‘ವಿರುದ್ಧರಾಜ್ಯಾತಿಕ್ರಮ’ವೆಂದರೆ ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು, ‘ಪ್ರತಿರೂಪಕ ವ್ಯವಹಾರ’ವೆಂದರೆ ನಕಲನ್ನು ಅಸಲಿಯ ಹೆಸರಿನಲ್ಲಿ ಸಾಗಿಸುವುದು. ಗಮನಿಸಬೇಕಾದುದೇನೆಂದರೆ, ನಕಲಿನ ವ್ಯವಹಾರವನ್ನು ಆಚಾರ್ಯರು ಸತ್ಯವ್ರತದ ಕೆಳಗೆ ಇಡಲಿಲ್ಲ, ಕಳ್ಳತನದ ಸಾಲಿಗೆ ಸೇರಿಸಿದರು. ಅಲ್ಲದೆ ಕೊಳ್ಳುವವನನ್ನೂ ಈ ಪಟ್ಟಿಯಿಂದ ಬಿಡಲಿಲ್ಲ. ಮಾರುಕಟ್ಟೆಯ ಕಾಲುಭಾಗದ ಬೆಲೆಗೆ ಅಪ್ಪಟ ವಸ್ತು ಬೇಕೆಂಬ ಬಯಕೆಯೊಳಗೆ, ಮಾರುವವನು ತನ್ನ ವಸ್ತುವಿನ ಬೆಲೆಯನ್ನು ಅರಿಯದವನಾಗಿರಲಿ ಎಂಬ ಇನ್ನೊಂದು ಬಯಕೆ ಅಡಗಿರುತ್ತದೆ. ಖೋಟಾ ನಾಣ್ಯದವನು ಗಾಳಕ್ಕೆ ಸಿಕ್ಕಿಸುವ ಹುಳು ಇದೇ.

ಹಾಗಾದರೆ ಕಾಣದ ವರ್ತಕನನ್ನು ಅಳೆಯುವುದು ಹೇಗೆ? ಅನುಭವಿಗಳು ಮೊದಲು ಅವನ ಹಿಂದಿನ ಮಾರಾಟಗಳನ್ನು ನೋಡುತ್ತಾರೆ. ಕೈಯಿಂದ ಟಂಕಿಸಿದ ಎರಡು ನಾಣ್ಯಗಳು ಎಂದಿಗೂ ಒಂದೇ ಬಗೆಯಾಗಿ ಸವೆಯವು. ಒಬ್ಬನೇ ಮಾರಿದ ಎರಡು ನಾಣ್ಯಗಳಲ್ಲಿ ಅದೇ ಜಾಗದಲ್ಲಿ ಅದೇ ಮುಕ್ಕು ಇದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು. ತೂಕ ಬರೆದಿದ್ದಾನೆಯೇ? ಆ ಕಾಲದ ದಿನಾರಿಯಸ್ ಸುಮಾರು ಮೂರೂಮುಕ್ಕಾಲು ಗ್ರಾಂ ತೂಗಬೇಕು. ಅಂಚಿನ ಚಿತ್ರ ಕೇಳಿದರೆ ಕಳುಹಿಸುತ್ತಾನೆಯೇ? ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. ಅಂಥದನ್ನು ಮಾರುವವನಿಗೆ ಆ ವರ್ಷವನ್ನು ಓದಲು ಬರುತ್ತದೆಯೇ? ಇವೆಲ್ಲಕ್ಕಿಂತ ಹೆಚ್ಚಿನ ಮಾತು ಇನ್ನೊಂದಿದೆ. ಪ್ರಶ್ನೆಗೆ ‘ತಿಳಿಯದು’ ಎಂದು ಉತ್ತರಿಸಬಲ್ಲ ವರ್ತಕನು, ಎಲ್ಲವೂ ತಿಳಿದಿದೆಯೆನ್ನುವವನಿಗಿಂತ ಹೆಚ್ಚು ನಂಬಿಕೆಗೆ ಅರ್ಹನು.

ಶ್ರದ್ಧೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ 1818ರ ಅರ್ಧ ಆಣೆಯೆಂದು, ಸೀತಾರಾಮಲಕ್ಷ್ಮಣರ ಚಿತ್ರವಿರುವ ಬಿಲ್ಲೆಗಳು ಲಕ್ಷಗಟ್ಟಲೆ ಬೆಲೆಯ ಆಸೆ ತೋರಿಸಿ ಮಾರಾಟಕ್ಕೆ ಬರುತ್ತವೆ. ಅಂಥ ನಾಣ್ಯವನ್ನು ಕಂಪನಿ ಟಂಕಿಸಿಯೇ ಇಲ್ಲ. ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ನೆನಪಿಗೆ 2001ರಲ್ಲಿ ಹೊರಬಂದ ಐದು ರೂಪಾಯಿಯ ನಾಣ್ಯವು ಜನರ ಕೈಯಲ್ಲಿ ಓಡಾಡಿದ ನಾಣ್ಯ. ಅದನ್ನೇ ‘ಅತ್ಯಪರೂಪ’ವೆಂದು ಸಾವಿರಗಳಿಗೆ ಕೂಗುವವನು ನಕಲು ಮಾರುತ್ತಿಲ್ಲವಾದರೂ ಸತ್ಯವನ್ನೂ ಮಾರುತ್ತಿಲ್ಲ. ಹಳೆಯ ನಾಣ್ಯಗಳ ವ್ಯಾಪಾರದಲ್ಲಿ ತನ್ನ ಹೆಸರನ್ನು ಬಳಸಿ ಶುಲ್ಕ ಕೇಳುವವರನ್ನು ನಂಬಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಸಂಶಯಕ್ಕೊಂದು ಮೇರೆ ಬೇಕು. ನಾಣ್ಯ ಖೋಟಾ ಎಂದ ಮಾತ್ರಕ್ಕೆ ಮಾರಿದವನು ಖೋಟಾ ಆಗಲಾರನು. ಅವನೂ ಇನ್ನೊಬ್ಬನಿಂದ ಮೋಸಹೋದವನಿರಬಹುದು. ಅಪ್ಪಟ ನಾಣ್ಯ ಮಾರುವ ವಂಚಕನೂ ಇರಬಹುದು. ವಸ್ತುವಿನ ಸತ್ಯ ಬೇರೆ, ವ್ಯಕ್ತಿಯ ಸತ್ಯ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಏಕಾಂತದೃಷ್ಟಿ. ವಿಚಾರಿಸದೆ ನಾಲ್ಕು ಜನರೆದುರು ಒಬ್ಬನನ್ನು ಕಳ್ಳನೆಂದು ಕರೆಯುವುದು ಪ್ರಶಂಸೆಯನ್ನು ಸುಮ್ಮನೆ ಬರೆದಷ್ಟೇ ದೊಡ್ಡ ತಪ್ಪು. ವರ್ತಕನ ನಾಣಯವು ನಾಣ್ಯ ಸರಿಯಿದ್ದಾಗ ತಿಳಿಯುವುದಿಲ್ಲ, ತಪ್ಪೆಂದು ತೋರಿಸಿದಾಗ ತಿಳಿಯುತ್ತದೆ. ಕಲ್ಪನೆಯ ಕಥೆಯ ವರ್ತಕನು ಮರುಮಾತಿಲ್ಲದೆ ಹಣವನ್ನು ಹಿಂದಿರುಗಿಸಿದನೆಂದು ಇಟ್ಟುಕೊಂಡರೂ ಪರೀಕ್ಷೆ ಮುಗಿಯದು. ಹಿಂದೆ ಬಂದ ಆ ನಾಣ್ಯವನ್ನು ಅವನು ಮುಂದಿನ ವಾರ ಮತ್ತೆ ಹರಾಜಿಗೆ ಇಡುತ್ತಾನೆಯೋ ಇಲ್ಲವೋ ಎಂಬುದನ್ನು ನೋಡಬೇಕು.

ಇದೇ ಪರೀಕ್ಷೆ ಯುವಕನಿಗೂ ಉಂಟು. ವರ್ತಕನು ಉತ್ತರಿಸದೆ ಮರೆಯಾದರೆ ಕೈಯಲ್ಲಿ ಉಳಿಯುವುದು ಆ ಎರಕದ ಬಿಲ್ಲೆ ಮತ್ತು ನಷ್ಟ. ‘ಕೊಂಡಂತೆಯೇ ಮಾರುತ್ತಿದ್ದೇನೆ, ಖಾತ್ರಿಯಿಲ್ಲ’ ಎಂಬ ಒಂದು ಸಾಲಿನೊಂದಿಗೆ ಅದನ್ನು ದಾಟಿಸಿಬಿಟ್ಟರೆ ಹಣ ಹಿಂದೆ ಬಂದೀತು. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ; ತಿಳಿದಿರುವುದನ್ನು ಮಾತ್ರ ಅದು ಹೇಳುವುದಿಲ್ಲ. ಮೋಸಹೋದವನು ಮೋಸಗಾರನಾಗಲು ಇರುವ ದೂರ ಅಷ್ಟೇ. ಅಮೆರಿಕದಲ್ಲಿ 1973ರ ಕಾನೂನು ಅನುಕರಣೆಯ ನಾಣ್ಯಗಳ ಮೇಲೆ ನಕಲೆಂದು ಅಚ್ಚೊತ್ತಲೇಬೇಕೆನ್ನುತ್ತದೆ. ಕೊಂಗುನಾಡಿನ ಯುವಕನು ಬೇಕಾದರೆ ಹಳೆಯ ನಾಣ್ಯಗಳ ಮೇಲಿನ ಉಳಿಯ ಗೀರನ್ನು ಅನುಸರಿಸಬಹುದು. ಇಲ್ಲವೇ ಅದನ್ನೊಂದು ಕಾಗದದ ಲಕೋಟೆಯಲ್ಲಿಟ್ಟು, ಕೊಂಡ ದಿನ, ಕೊಟ್ಟ ಬೆಲೆ, ತಿಳಿದುಬಂದ ದೋಷ ಇವುಗಳನ್ನು ಬರೆದು, ಮೇಲೆ ದೊಡ್ಡದಾಗಿ ‘ನಕಲು’ ಎಂದು ಗುರುತಿಸಿ ಸಂಗ್ರಹದಲ್ಲೇ ಇಡಬಹುದು. ತಮಿಳಿನಲ್ಲಿ ನಕಲಿಗೆ ‘ಪೋಲಿ’ ಎನ್ನುತ್ತಾರೆ. ಕನ್ನಡದ ಪೋಲಿ ಬೇರೆಯ ಪ್ರಾಣಿಯಾದರೂ ಇಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಎರಡು ಭಾಷೆಗಳಲ್ಲಿಯೂ ಬರೆದಿಟ್ಟರೆ, ಮುಂದೆಂದೋ ಆ ಪೆಟ್ಟಿಗೆಯನ್ನು ತೆರೆಯುವ ಮೊಮ್ಮಗನಿಗೆ ಯಾವ ಭಾಷೆ ಉಳಿದಿದ್ದರೂ ಓದಲು ಬರುತ್ತದೆ.