ಭಯವೂ ಅಂತರವೂ

ಆಪತ್ತು ಎಷ್ಟು ದೊಡ್ಡದೋ ಭಯವೂ ಅಷ್ಟೇ ದೊಡ್ಡದಾಗಿರುವುದೆಂದು ಲೋಕದ ನಂಬಿಕೆ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಈ ನಂಬಿಕೆಯು ನಿಲ್ಲಲಿಲ್ಲ. 2020ನೆಯ ಇಸವಿ ಮಾರ್ಚಿ 25ರಂದು ಭಾರತವೆಲ್ಲವೂ ಕದವಿಕ್ಕಿಕೊಂಡಾಗ ದೇಶದಲ್ಲಿ ಪತ್ತೆಯಾಗಿದ್ದ ರೋಗಿಗಳು ಸಾವಿರದೊಳಗೆ. ಆದರೂ ಜನರು ತರಕಾರಿಯನ್ನು ಸಾಬೂನಿನಿಂದ ತೊಳೆದರು. ಬಂದ ಕಾಗದವನ್ನು ಬಿಸಿಲಿಗಿಟ್ಟು ಮುಟ್ಟಿದರು. ಮರುವರ್ಷ ಮದುವೆಯ ಚಪ್ಪರಗಳೂ ಚುನಾವಣೆಯ ಸಭೆಗಳೂ ಕಿಕ್ಕಿರಿದುವು. ರೋಗಾಣುವೂ ಉಗ್ರತರವಾದ ರೂಪವನ್ನು ತಾಳಿತ್ತು. ಮೇ ತಿಂಗಳ ಮೊದಲಿನಲ್ಲಿ ಒಂದೇ ದಿನಕ್ಕೆ 4 ಲಕ್ಷಕ್ಕೂ ಮೇಲ್ಪಟ್ಟು ಹೊಸ ರೋಗಿಗಳು ಪತ್ತೆಯಾದರು. ಹಗ್ಗವನ್ನು ಹಾವೆಂದು ಬೆದರಿದವನೇ ಹಾವನ್ನು ಹಗ್ಗವೆಂದು ತುಳಿದಂತಾಯಿತು. ಭಯವು ಅಪಾಯದ ಪ್ರಮಾಣವನ್ನು ನೋಡುವುದಿಲ್ಲ. ಅದರ ಹೊಸತನವನ್ನು ನೋಡುವುದು.

ಭಯಕ್ಕೆ ಎರಡನೆಯ ದೋಷವೂ ಉಂಟು. ಅದು ಅಪಾಯವನ್ನು ಸದಾ ಪರರಲ್ಲಿಯೇ ಕಾಣುವುದು. ರೋಗಿಗಳ ಶುಶ್ರೂಷೆ ಮಾಡಿ ಬಂದ ವೈದ್ಯರನ್ನೂ ದಾದಿಯರನ್ನೂ ಬಾಡಿಗೆಯ ಮನೆಯಿಂದ ಹೊರಡಿಸಿದವರಿದ್ದರು. ಅವರ ಮೇಲಣ ಹಲ್ಲೆಯನ್ನು ತಡೆಯುವುದಕ್ಕಾಗಿ, ಪ್ಲೇಗಿನ ಕಾಲದಲ್ಲಿ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು 2020ರ ಏಪ್ರಿಲಿನಲ್ಲಿ ತಿದ್ದಬೇಕಾಯಿತು. ಆದರೆ ಈ ರೋಗವು ಜ್ವರ ಕೆಮ್ಮುಗಳು ತೋರುವುದಕ್ಕೆ ಮೊದಲೇ ಒಬ್ಬನಿಂದ ಮತ್ತೊಬ್ಬನಿಗೆ ಹರಡಬಲ್ಲುದು. ಆದುದರಿಂದ ತಾನು ಸ್ವಸ್ಥನೆಂದು ತಿಳಿದವನೇ ಪರರಿಗೆ ಅಪಾಯವಾಗಿರಬಹುದು. ಇದನ್ನರಿತವನು ಆರು ಅಡಿ ದೂರ ನಿಲ್ಲುವುದು ಪರರಿಗೆ ಹೆದರಿ ಅಲ್ಲ, ಪರರ ಹಿತಕ್ಕಾಗಿ. ನಿಲ್ಲುವ ರೀತಿ ಎರಡರಲ್ಲಿಯೂ ಒಂದೇ. ಒಂದರ ಹಿಂದೆ ತಿರಸ್ಕಾರವಿದೆ, ಇನ್ನೊಂದರ ಹಿಂದೆ ದಯೆಯಿದೆ.

ದೂರವಿಡುವುದನ್ನೇ ತಿರಸ್ಕಾರದ ಗುರುತಾಗಿ ತಲೆಮಾರುಗಳಿಂದ ಬಳಸಿದ ಸಮಾಜವು ಈ ಭೇದವನ್ನು ಮರೆಯಬಾರದು. ಸಾಮಾಜಿಕ ಅಂತರವೆಂಬ ಮಾತಿಗಿಂತ ದೈಹಿಕ ಅಂತರವೆಂಬ ಮಾತೇ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚಿಯಲ್ಲಿ ಹೇಳಿದುದು ಉಚಿತವೇ ಆಗಿತ್ತು.

ಅಂತರದಿಂದ ರೋಗದ ವೇಗವು ತಗ್ಗಿ ಆಸ್ಪತ್ರೆಗಳಿಗೆ ಸಿದ್ಧವಾಗಲು ಅವಕಾಶ ದೊರೆಯಿತು, ನಿಜ. ಆದರೆ ಅದರ ಬೆಲೆಯನ್ನು ಎಲ್ಲರೂ ಸಮನಾಗಿ ತೆರಲಿಲ್ಲ. ಸಂಬಳ ತಪ್ಪದ ಗೃಹಸ್ಥನಿಗೆ ಅದು ಬೇಸರವಾದರೆ ದಿನಗೂಲಿಯವನಿಗೆ ಉಪವಾಸವಾಯಿತು. ಕೂಲಿಕಾರರು ಮಕ್ಕಳನ್ನು ಹೆಗಲಿಗೇರಿಸಿಕೊಂಡು ನೂರಾರು ಮೈಲಿ ದೂರದ ಊರುಗಳಿಗೆ ನಡೆದರು. ಎಷ್ಟೋ ಮಂದಿ ವೃದ್ಧರು ಮಕ್ಕಳ ಮುಖವನ್ನು ಕಾಣದೆ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ದೂರವಿರೆಂದು ಕೇಳುವವನಿಗೆ, ಹಾಗೆ ದೂರವಿದ್ದವನ ಬಾಗಿಲಿಗೆ ಅಕ್ಕಿಬೇಳೆಯನ್ನು ಮುಟ್ಟಿಸುವ ಹೊಣೆಯೂ ಸೇರಿದೆ. ಆ ಹೊಣೆಯನ್ನು ಬಿಟ್ಟ ಅಂತರವು ಧರ್ಮವೆನಿಸಲಾರದು.

ಅಂತರವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ನಡುವಣ ದೂರವೆಂದೂ ಒಳಗೆಂದೂ ಅರ್ಥವಿದೆ. ಮೊದಲನೆಯದನ್ನು ಸರಕಾರದ ಆಜ್ಞೆಯು ಅಳೆದು ಕೊಡಬಲ್ಲುದು. ಎರಡನೆಯದನ್ನು ಪ್ರತಿಯೊಬ್ಬನೂ ತನ್ನಲ್ಲಿಯೇ ನೋಡಿಕೊಳ್ಳಬೇಕು.