ಜುಗುಪ್ಸೆಯೂ ಹಿಂಸೆಯಲ್ಲವೆ?

ಅಹಿಂಸೆಯನ್ನು ನಾವು ಬಹುಮಟ್ಟಿಗೆ ಊಟದ ಎಲೆಯ ಮೇಲೆ ಅಳೆಯುತ್ತೇವೆ. ಏನನ್ನು ತಿನ್ನಬಾರದು, ಯಾವಾಗ ತಿನ್ನಬಾರದು ಎಂಬ ಎಚ್ಚರಕ್ಕೆ ನಮ್ಮ ಮನೆಗಳಲ್ಲಿ ಕೊರತೆಯಿಲ್ಲ. ಆದರೆ ಆ ನಿಯಮವನ್ನು ಪಾಲಿಸದವರನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ಏಳುವ ಭಾವ ಯಾವುದು? ಈ ಪ್ರಶ್ನೆ ನನಗೆ ಎದುರಾದದ್ದು ಹಂಗಾರಕಟ್ಟೆಯ ದಕ್ಕೆಯಲ್ಲಿ.

ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿನಲ್ಲಿ ಕತ್ತಲೆ ಬಸದಿಯನ್ನು ನೋಡಿಕೊಂಡು, ಮೊಮ್ಮಗನಿಗೆ ಕಡಲನ್ನೂ ತೋರಿಸೋಣವೆಂದು ಪಡುವಣಕ್ಕೆ ಹೊರಟಿದ್ದೆವು. ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಸಮುದ್ರವನ್ನು ಸೇರುವ ಅಳಿವೆ ಅಲ್ಲಿದೆ. ಆಚೆಯ ದಡದಲ್ಲಿ ಕೋಡಿಬೆಂಗ್ರೆ. ಉಬ್ಬರದ ಹೊತ್ತು. ಸಿಹಿನೀರು ಎಲ್ಲಿಯವರೆಗೆ, ಉಪ್ಪುನೀರು ಎಲ್ಲಿಂದ ಎಂದು ಗೆರೆ ಎಳೆದು ತೋರಿಸುವಂತಿರಲಿಲ್ಲ. ನೆರಳಿನಲ್ಲಿ ದೋಣಿಗಾಗಿ ಕಾದಿದ್ದಾಗ ವಯಸ್ಸಾದ ಹೆಂಗಸೊಬ್ಬರು ಮೀನಿನ ಬುಟ್ಟಿಯನ್ನಿಳಿಸಿ ಪಕ್ಕದಲ್ಲಿ ಕುಳಿತರು. ನಾನು ಏನೂ ನುಡಿಯಲಿಲ್ಲ. ಮೊಮ್ಮಗನ ತೋಳು ಹಿಡಿದು ನನ್ನ ಕಡೆಗೆ ಸೆಳೆದುಕೊಂಡೆ, ಅಷ್ಟೆ. ಆಕೆ ಅದನ್ನು ಕಂಡರು. ಗಾಳಿ ಬೀಸುವ ದಿಕ್ಕನ್ನು ಒಮ್ಮೆ ನೋಡಿ, ಬುಟ್ಟಿಯನ್ನೆತ್ತಿಕೊಂಡು, ವಾಸನೆ ನಮ್ಮತ್ತ ಬಾರದ ಕಡೆಗೆ ಹೋಗಿ ಬಿಸಿಲಿನಲ್ಲಿ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಬುಟ್ಟಿ ಹೊತ್ತ ಇನ್ನೊಬ್ಬಾಕೆ ಬಂದಾಗ ಮೊಮ್ಮಗ ತಾನಾಗಿಯೇ ಮೂಗು ಮುಚ್ಚಿಕೊಂಡು, ಮೆಚ್ಚುಗೆಗಾಗಿ ನನ್ನ ಮುಖ ನೋಡಿದ.

ಆ ನೋಟ ನನ್ನನ್ನು ಇಂದಿಗೂ ಬಿಟ್ಟಿಲ್ಲ. ವರ್ಷಗಟ್ಟಲೆ ಹೇಳಿಕೊಟ್ಟ ಜೀವದಯೆಗಿಂತ ಬೇಗ ಒಂದು ಕ್ಷಣದ ತಿರಸ್ಕಾರವನ್ನು ಮಗು ಕಲಿತಿತ್ತು. ಜುಗುಪ್ಸೆಯನ್ನು ನಮ್ಮ ಆಚಾರ್ಯರು ಒಂಬತ್ತು ನೋಕಷಾಯಗಳಲ್ಲಿ ಎಣಿಸಿದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಮೂರನೆಯದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅದಕ್ಕೆ ಉದ್ದಾಯನನನ್ನು ನಿದರ್ಶನವಾಗಿ ಹೆಸರಿಸುತ್ತದೆ. ರೋಗಪೀಡಿತ ಮುನಿಗೆ ಹೇಸದೆ ಸೇವೆ ಮಾಡಿದ ಆ ರಾಜನ ಕಥೆಯನ್ನು ಮೊಮ್ಮಗನಿಗೆ ಹೇಳಿದವನು ನಾನೇ.

ಮುನಿಯ ದೇಹಕ್ಕೆ ಸಂಬಂಧಿಸಿದ ಮಾತನ್ನು ಮೀನಿನ ಬುಟ್ಟಿಯವರೆಗೆ ಎಳೆಯಬಹುದೆ, ಮೀನು ಹಿಡಿಯುವುದು ಹಿಂಸೆಯಲ್ಲವೆ ಎಂದು ಕೇಳುವವರಿದ್ದಾರೆ. ಅದು ಹಿಂಸೆಯೇ, ದಾಕ್ಷಿಣ್ಯಕ್ಕಾಗಿ ಅಲ್ಲವೆನ್ನಬೇಕಾಗಿಲ್ಲ. ಆದರೆ ಕರ್ಮವನ್ನು ಒಪ್ಪದಿರುವುದು ಬೇರೆ, ಕರ್ಮ ಮಾಡಿದವರನ್ನು ಹೇಸುವುದು ಬೇರೆ. ಮೊದಲನೆಯದು ವ್ರತ, ಎರಡನೆಯದು ಕಷಾಯ. ಆಕೆಯ ಬುಟ್ಟಿಯ ಲೆಕ್ಕದಿಂದ ನನ್ನ ಮನಸ್ಸಿನ ಲೆಕ್ಕ ಚುಕ್ತಾ ಆಗುವುದಿಲ್ಲ.

ಹಂಗಾರಕಟ್ಟೆ ಯಕ್ಷಗಾನದ ನಂಟಿರುವ ಊರು. ಬಡಗುತಿಟ್ಟಿನ ಆಟದಲ್ಲಿ ಕೌರವನ ವೇಷ ಕಟ್ಟಿದ ಕಲಾವಿದ, ಇವನು ಸೋಲುವವನೆಂದು ಅವನ ಪಕ್ಷವನ್ನು ದುರ್ಬಲಗೊಳಿಸುವುದಿಲ್ಲ. ಕೌರವನ ದುಃಖವನ್ನೂ ಛಲವನ್ನೂ ತನ್ನದೇ ಮಾತಿನಲ್ಲಿ, ರಂಗದ ಮೇಲೆ ಆ ಕ್ಷಣದಲ್ಲೇ ಹೊಸೆದು, ಪೂರ್ಣವಾಗಿ ಆಡುತ್ತಾನೆ. ಪ್ರಸಂಗದ ಕೊನೆ ಅದರಿಂದ ಬದಲಾಗದು. ಧರ್ಮ ಗೆದ್ದೇ ಗೆಲ್ಲುತ್ತದೆ. ಆದರೆ ನೋಡುವವನು ಗೆದ್ದ ಪಕ್ಷದ ಗರ್ವವನ್ನು ಹೊತ್ತು ಮನೆಗೆ ಹೋಗುವುದಿಲ್ಲ. ಅನೇಕಾಂತವೆಂದು ನಾವು ಹೇಳುವುದರ ಒಂದು ಪಾಠ ಅಲ್ಲಿಯೂ ಇದೆ.

ದೋಣಿ ಬಂದಾಗ ನಾನು ಆಕೆಯ ಬಳಿ ಹೋಗಿ ಕುಳಿತೆನೆಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಕುಳಿತುಕೊಳ್ಳಲಿಲ್ಲ, ತಲೆಯೆತ್ತಿ ನೋಡುವ ಧೈರ್ಯವೂ ಬರಲಿಲ್ಲ. ಅಂದು ರಾತ್ರಿ ಮೊಮ್ಮಗನಿಗೆ, ತಪ್ಪು ನಿನ್ನದಲ್ಲ, ನನ್ನದು ಎಂದು ಹೇಳಿದೆ. ಈಗ ಪ್ರತಿಕ್ರಮಣಕ್ಕೆ ಕುಳಿತಾಗ ತಿಂದದ್ದು, ತುಳಿದದ್ದು ನೆನಪಾಗುವ ಮೊದಲು, ಒಂದು ಎಳೆಯ ತೋಳನ್ನು ನನ್ನ ಕಡೆಗೆ ಸೆಳೆದುಕೊಂಡದ್ದು ನೆನಪಾಗುತ್ತದೆ.